ಸೋರುವ ಸೂರಿಗೂ ಬಾಡಿಗೆ

ವಿದ್ಯಾರ್ಥಿಗಳಿರುವ ಮನೆಗಳನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ಪಾಪ, ಮರೆತಿರಬೇಕು ಎಂದು ನೀವು ಅಂದುಕೊಂಡರೆ ನೀವು ಒಳ್ಳೆಯವರು, ಅಷ್ಟೇ. ಮರೆಯುವವರು ಬಾಡಿಗೆಯನ್ನೂ ಒಮ್ಮೊಮ್ಮೆ ಮರೆಯಬೇಕಿತ್ತಲ್ಲ? ತಿಂಗಳ ಐದನೇ ತಾರೀಖಿಗೆ ತಪ್ಪದೆ ಫೋನು ಬರುತ್ತದೆ. ಬಚ್ಚಲಿನ ಮೇಲಿನ ಗಾರೆ ಉದುರಿದ ದಿನ ಅದೇ ಫೋನು ಸ್ವಿಚ್ ಆಫ್. ಇದಕ್ಕೆ ಮರೆವು ಅನ್ನಬೇಡಿ, ಇದು ವ್ಯವಹಾರ. ರಿಪೇರಿಗೆ ಖರ್ಚಾಗದೆ ಉಳಿದ ಪ್ರತಿ ರೂಪಾಯಿಯೂ ಯಾರದೋ ಜೇಬು ಸೇರುತ್ತದೆ, ಆ ಲಾಭದ ಅಡಿಯಲ್ಲಿ ನಮ್ಮ ಮಕ್ಕಳು ಚಾಪೆ ಹಾಸಿ ಮಲಗುತ್ತಾರೆ.

ಮಾತು ಕಾಮೋಠೆಯದು. ಸಾಯನ್-ಪನ್ವೇಲ್ ಹೆದ್ದಾರಿಯ ಮಗ್ಗುಲಿಗೆ, ಮಾನಸರೋವರ ಮತ್ತು ಖಾಂದೇಶ್ವರ ಸ್ಟೇಷನ್ನುಗಳಿಗೆ ಆತುಕೊಂಡು, ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಎಬ್ಬಿಸಿದ ಊರು. ಕರೆಯುವುದು ನವಿ ಮುಂಬಯಿ ಎಂದು, ಜಿಲ್ಲೆ ರಾಯಗಡ, 2016ರ ಅಕ್ಟೋಬರಿನಿಂದ ಆಡಳಿತ ಪನ್ವೇಲ್ ಮಹಾನಗರಪಾಲಿಕೆಯದು. ಹೆಸರು ಮೂರು, ಕೇಳುವವರು ಒಬ್ಬರೂ ಇಲ್ಲ. ಮೊದಲು ಇಲ್ಲಿದ್ದದ್ದು ಭತ್ತದ ಗದ್ದೆ, ಉಪ್ಪಿನ ಮಡಿ, ಉಪ್ಪುನೀರಿನ ಖಾಡಿ. ಹೊಸ ನಗರಕ್ಕೆ ನೆಲ ಕಳೆದುಕೊಂಡ ಆಗ್ರಿ, ಕೋಳಿ ಸಮುದಾಯಗಳ ಜನ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಬೀದಿಗಿಳಿದಾಗ, 1984ರ ಜನವರಿಯಲ್ಲಿ ಜಾಸಯಿ ಕಡೆ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಆ ರಕ್ತ ಹರಿದ ಮೇಲೆಯೇ ರೈತರಿಗೆ ಶೇ. 12.5ರ ಲೆಕ್ಕದಲ್ಲಿ ನಿವೇಶನ ಮರಳಿಸುವ ಯೋಜನೆ ಬಂದದ್ದು. ಕಾಮೋಠೆಯ ಎಷ್ಟೋ ಬಿಲ್ಡಿಂಗುಗಳು ನಿಂತಿರುವುದು ಅಂಥ ಪ್ಲಾಟುಗಳ ಮೇಲೆ. ರೈತ ಪ್ಲಾಟನ್ನು ಬಿಲ್ಡರಿಗೆ ಕೊಟ್ಟ. ಬಿಲ್ಡರು ಬೇಗ ಕಟ್ಟಿ ಬೇಗ ಮಾರಿದ. ಕೊಂಡವನು ಬಾಡಿಗೆಗೆ ಬಿಟ್ಟು ಪುಣೆಗೋ ದುಬೈಗೋ ಹೋದ. ಎಂಜಿಎಂ ವೈದ್ಯಕೀಯ ಕಾಲೇಜು ಈ ಊರಿನಲ್ಲೇ ಇದೆ. ಖಾರಘರ್, ನೆರೂಳ್, ಹೊಸ ಪನ್ವೇಲ್ ಕಡೆಯ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಕಾಲೇಜುಗಳಿಗೂ ಇಲ್ಲಿಂದ ಹೋಗಿಬರುವುದು ಸುಲಭ. ಎಲ್ಲೆಲ್ಲಿಯೋ ಹಾಸ್ಟೆಲ್ ಸೀಟು ಸಿಗದವರು, ಸಿಕ್ಕರೂ ಫೀಸು ಕಟ್ಟಲಾಗದವರು ಕೊನೆಗೆ ಬಂದು ಬೀಳುವುದು ಕಾಮೋಠೆಯ ಬಾಡಿಗೆ ಫ್ಲ್ಯಾಟುಗಳಿಗೆ, ಪಿಜಿಗಳಿಗೆ.

ಅಂಥದೊಂದು ಫ್ಲ್ಯಾಟಿಗೆ ಕಳೆದ ಮಳೆಗಾಲದಲ್ಲಿ ಹೋಗಿದ್ದೆ. ನಾಲ್ಕನೇ ಮಹಡಿ, ಅದರ ಮೇಲೆ ಬರೀ ಟೆರೇಸು. ಒಂದು ಬೆಡ್‌ರೂಮು, ಒಂದು ಹಾಲು, ಒಂದು ಬಚ್ಚಲು, ಆರು ಹುಡುಗರು. ವಿಜಯಪುರ, ಕಲಬುರಗಿ ಕಡೆಯವರು ಕೆಲವರು, ಉಳಿದವರು ಜತ್ತ, ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ, ರೇಷನ್ ಕಾರ್ಡು ಮರಾಠಿ, ಓದು ಇಂಗ್ಲಿಷು. ಒಬ್ಬನ ಅಪ್ಪ ಕಬ್ಬು ಕಡಿಯಲು ಹೋಗುವ ಗ್ಯಾಂಗಿನವನು. ಬಚ್ಚಲಿನ ಬಾಗಿಲು ತೆಗೆದು ತೋರಿಸಿದರು. ಸ್ಲ್ಯಾಬಿನ ಕೆಳಮೈ ಅಷ್ಟೂ ಉದುರಿ, ತುಕ್ಕು ತಿಂದ ಸರಳುಗಳು ಮುದಿ ಎತ್ತಿನ ಪಕ್ಕೆಲುಬಿನ ಹಾಗೆ ಎದ್ದಿದ್ದವು. ಅದರ ಕೆಳಗೆ ಹುಡುಗರೇ ಒಂದು ಏರ್ಪಾಟು ಮಾಡಿಕೊಂಡಿದ್ದರು. ಮುರಿದ ಮಂಚದ ಪ್ಲೈವುಡ್ ಹಲಗೆಯನ್ನು ನೈಲಾನ್ ಹಗ್ಗದಿಂದ ನೀರಿನ ಪೈಪುಗಳಿಗೆ ಬಿಗಿದು ತಲೆಯ ಮೇಲೆ ತೂಗಹಾಕಿದ್ದರು. ಬೀಳುವ ಚಕ್ಕೆ ಹಲಗೆಗೆ ಬೀಳಲಿ, ತಲೆಗೆ ಬೇಡ ಎಂದು. ಹಲಗೆಯ ಮೇಲೆ ಆಗಲೇ ಒಂದು ಬೊಗಸೆ ಕಾಂಕ್ರೀಟು ಬಿದ್ದಿತ್ತು. ಪಕ್ಕದಲ್ಲೇ ಗೀಸರು, ಅದರ ವೈರಿನ ಜೋಡಣೆಗೆ ಸುತ್ತಿದ ಟೇಪು ಬಿಚ್ಚಿ ತೇವದಲ್ಲಿ ನೇತಾಡುತ್ತಿತ್ತು.

"ಓನರಿಗೆ ಹೇಳಿದ್ದೀರಾ?" ಎಂದೆ.

"ಹೇಳೀವ್ರಿ ಸರ. ಫೋಟೋ ಕಳಿಸೀವಿ, ವಿಡಿಯೋ ಕಳಿಸೀವಿ. ಬ್ಲೂ ಟಿಕ್ ಬಂದೈತ್ರಿ, ಮೇಸ್ತ್ರಿ ಬಂದಿಲ್ರಿ."

"ಬೇರೆ ಮನೆ ನೋಡಬಹುದಿತ್ತಲ್ಲಪ್ಪ."

"ಹನ್ನೊಂದ್ ತಿಂಗಳು ಮುಗಿಯೂದ್ರಾಗ ಬಿಟ್ರ ಡಿಪಾಜಿಟ್ ಮುಟ್ಟಗೋಲು ಅಂತಾನ್ರಿ. ಅಗ್ರಿಮೆಂಟಿನ್ಯಾಗ ಹಂಗ ಬರದಾರಂತ."

"ಅಗ್ರಿಮೆಂಟ್ ನೀವು ಓದಿದ್ದೀರಾ?"

"ಎಲ್ಲೀದ್ರಿ ಸರ, ಸಹಿ ಮಾಡಿಸ್ಕೊಂಡು ಹೋದಾವ್ರು ನಮಗ ಕಾಪಿ ಕೊಟ್ಟೇ ಇಲ್ಲ."

ಇಷ್ಟು ಹೇಳಿ ಆ ಹುಡುಗ ನಕ್ಕ. ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಇಪ್ಪತ್ತು ತುಂಬದ ಹುಡುಗ ತನ್ನ ತಲೆಯ ಮೇಲೆ ನೇತಾಡುವ ಅಪಾಯವನ್ನು ತಮಾಷೆ ಮಾಡಿ ಬದುಕಲು ಕಲಿತಿದ್ದಾನೆ. ಕಾಲೇಜು ಅವನಿಗೆ ಬೇರೇನು ಕಲಿಸಿತೋ ಗೊತ್ತಿಲ್ಲ, ನವಿ ಮುಂಬಯಿ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಕಲಿಸಿಬಿಟ್ಟಿದೆ.

ಗಾರೆ ಉದುರುವುದು ದೈವೇಚ್ಛೆಯಲ್ಲ ಸ್ವಾಮಿ, ಅದಕ್ಕೊಂದು ಲೆಕ್ಕವಿದೆ. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಖಾಡಿಯ ಮೇಲಿಂದ ಬೀಸುವ ಉಪ್ಪುಗಾಳಿ, ವರ್ಷಕ್ಕೆ ಎರಡೂವರೆ ಮೂರು ಸಾವಿರ ಮಿಲಿಮೀಟರ್ ಸುರಿಯುವ ಮಳೆ, ಟೆರೇಸಿನ ಬಿರುಕು, ಮೇಲಿನ ಮನೆಯ ಬಚ್ಚಲಿನ ನಹಾಣಿ ಟ್ರ್ಯಾಪಿನ ಸೋರಿಕೆ, ಇವೆಲ್ಲ ಸೇರಿ ಆ ಕಾವಲನ್ನು ಒಡೆಯುತ್ತವೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಒದ್ದು ಬಿರಿಸುತ್ತದೆ. ಮೊದಲು ಹಳದಿ ಕಲೆ, ಆಮೇಲೆ ಉಬ್ಬು, ಆಮೇಲೆ ಬಿರುಕು, ಆಮೇಲೆ ಚಕ್ಕೆ, ಎಲ್ಲಕ್ಕೂ ಕೊನೆಗೆ ಸ್ಲ್ಯಾಬು. ಕಲೆ ಇರುವಾಗಲೇ ಪ್ಲಂಬರನ್ನು ಕರೆಸಿ ಸೋರಿಕೆ ನಿಲ್ಲಿಸಿದರೆ ಖರ್ಚು ಕೆಲವು ಸಾವಿರ. ಚಕ್ಕೆ ಬೀಳುವಾಗ ಸಡಿಲವಾದದ್ದನ್ನು ಕೆತ್ತಿ, ಸರಳಿನ ತುಕ್ಕು ಉಜ್ಜಿ, ಲೇಪ ಹಚ್ಚಿ, ಹೊಸ ಗಾರೆ ಮೆತ್ತಿದರೂ ಮನೆ ಉಳಿಯುತ್ತದೆ. ಮಾಲೀಕನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತು. ಅದಕ್ಕೇ ಅಡ್ಮಿಷನ್ ಶುರುವಾಗುವ ಮೊದಲು ಕಲೆಯ ಮೇಲೆ ಒಂದು ಕೋಟು ಡಿಸ್ಟೆಂಪರು ಬಳಿಸುತ್ತಾನೆ. ಆ ಬಣ್ಣ ಒಂದು ಮಳೆ ತಡೆಯುತ್ತದೆ. ಅಷ್ಟರಲ್ಲಿ ಡಿಪಾಸಿಟ್ ಬ್ಯಾಂಕಿಗೆ ಬಿದ್ದಿರುತ್ತದೆ. ಶಿಶುನಾಳ ಷರೀಫರು ಹಾಡಿದ ಮಾಳಿಗೆ ತಿಳಿಗೇಡಿತನಕ್ಕೆ ಸೋರುತ್ತಿತ್ತು. ಕಾಮೋಠೆಯ ಮಾಳಿಗೆ ಎಲ್ಲ ತಿಳಿದೇ ಸೋರುತ್ತದೆ.

ಮುಂದೇನಾಗುತ್ತದೆ ಎಂಬುದಕ್ಕೆ ಜ್ಯೋತಿಷ್ಯ ಬೇಕಿಲ್ಲ, ಸುತ್ತಮುತ್ತಲಿನ ಊರುಗಳ ಹೆಸರು ಓದಿದರೆ ಸಾಕು. 2013ರ ಏಪ್ರಿಲ್‌ನಲ್ಲಿ ಮುಂಬ್ರಾದ ಲಕ್ಕಿ ಕಂಪೌಂಡಿನ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. 2020ರ ಆಗಸ್ಟ್‌ನಲ್ಲಿ ನಮ್ಮದೇ ರಾಯಗಡ ಜಿಲ್ಲೆಯ ಮಹಾಡದಲ್ಲಿ ತಾರಿಕ್ ಗಾರ್ಡನ್ ಕಟ್ಟಡ ಬಿದ್ದು 16 ಜನ ಹೋದರು. 2022ರ ಜೂನ್‌ನಲ್ಲಿ ನೆರೂಳಿನ ಒಂದು ಕಟ್ಟಡದಲ್ಲಿ ಆರನೇ ಮಹಡಿಯ ಹಾಲಿನ ಸ್ಲ್ಯಾಬು ಕೆಳಗಿನ ಮಹಡಿಗಳ ಸ್ಲ್ಯಾಬುಗಳನ್ನೂ ಕೆಡವಿಕೊಂಡು ಇಳಿಯಿತು. 2024ರ ಜುಲೈನಲ್ಲಿ ಬೇಲಾಪುರದ ಶಹಬಾಜ್ ಹಳ್ಳಿಯಲ್ಲಿ ಮತ್ತೊಂದು ಕಟ್ಟಡ, ಮೂರು ಸಾವು. ಪ್ರತಿ ಸಲವೂ ಮಂತ್ರಿ ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಸರ್ವೆ ಮಾಡಿಸುವ ಮಾತಾಗುತ್ತದೆ, ಮಳೆ ನಿಂತೊಡನೆ ಎಲ್ಲ ಒಣಗಿಹೋಗುತ್ತದೆ.

ನಿಯಮಗಳಿಲ್ಲವೆಂದಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆ ವರದಿಯನ್ನು ಬಾಡಿಗೆಗೆ ಬರುವ ವಿದ್ಯಾರ್ಥಿಯ ಕೈಗೆ ಕೊಟ್ಟ ಒಬ್ಬ ಸೆಕ್ರೆಟರಿಯನ್ನು ನನಗೆ ತೋರಿಸಿ. ವಿದ್ಯಾರ್ಥಿಯ ಕಾಗದಪತ್ರಗಳನ್ನು ಮಾತ್ರ ಇವರು ಚೂರೂ ಬಿಡದೆ ಕೇಳುತ್ತಾರೆ. ಆಧಾರ್ ಬೇಕು, ಕಾಲೇಜಿನ ಐಡಿ ಬೇಕು, ಅಪ್ಪನ ನಂಬರು ಬೇಕು, ಪೊಲೀಸ್ ವೆರಿಫಿಕೇಷನ್ ಬೇಕು. ಬಂದವನು ಕಳ್ಳನೋ ಎಂದು ಪೊಲೀಸರು ನೋಡಬೇಕಂತೆ. ಕಟ್ಟಡ ಕೊಲೆಗಾರನೋ ಎಂದು ನೋಡುವವರು ಯಾರು?

ಕಾನೂನಿನ ಪುಸ್ತಕ ತೆಗೆದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 14ನೇ ಕಲಮು ಓದಿ. ಬೇರೆ ಕರಾರು ಇಲ್ಲದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇಡುವ ಹೊಣೆ ಮಾಲೀಕನದು. ಅವನು ಮಾಡದಿದ್ದರೆ ಬಾಡಿಗೆದಾರ ಹದಿನೈದು ದಿನದ ನೋಟಿಸು ಕೊಟ್ಟು, ಆಮೇಲೂ ಗಡುವು ಕಾದು, ತಾನೇ ರಿಪೇರಿ ಮಾಡಿಸಿ ವರ್ಷದ ಬಾಡಿಗೆಯ ಕಾಲುಭಾಗದವರೆಗೆ ಹಿಡಿದುಕೊಳ್ಳಬಹುದು. ಎಷ್ಟು ಚೆಂದದ ಕಾನೂನು! ಆದರೆ ಅದು ಬಾಡಿಗೆದಾರನಿಗೆ. ನಮ್ಮ ಹುಡುಗರಿಗೆ ಸಿಗುವುದು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್. ಆ ಕಾಗದದ ಪ್ರಕಾರ ಅವರು ಬಾಡಿಗೆದಾರರೇ ಅಲ್ಲ, ಇರಲು ಅಪ್ಪಣೆ ಪಡೆದವರು. ಅದೇ ಕಾಯ್ದೆಯ 24ನೇ ಕಲಮಿನಂತೆ ಅವಧಿ ಮುಗಿದ ಮೇಲೂ ಒಳಗುಳಿದರೆ ಅವರು ಎರಡು ಪಟ್ಟು ಕಟ್ಟಬೇಕು. ಮಾಲೀಕನಿಗೆ ಬೇಗ ಬಿಡಿಸಿಕೊಳ್ಳುವ ದಾರಿ ಇದೆ, ಒಳಗಿರುವವನಿಗೆ ಬೇಗ ಮೇಸ್ತ್ರಿಯನ್ನು ಕರೆಸಿಕೊಳ್ಳುವ ದಾರಿ ಇಲ್ಲ. ಕಾನೂನು ಬರೆದವರ ಸ್ವಂತ ಮನೆಗಳು ಎಷ್ಟಿದ್ದವೋ ಯಾರು ಬಲ್ಲರು.

ಸೊಸೈಟಿಗೆ ಇವರು 'ಬ್ಯಾಚುಲರ್ಸ್'. ಹಾಗೆಂದರೆ ಲಿಫ್ಟ್ ಕೆಟ್ಟರೆ ಇವರೇ ಕಾರಣ, ನೀರು ಮುಗಿದರೆ ಇವರೇ ಕಾರಣ. ನವಿ ಮುಂಬಯಿಯ ಮೋರ್ಬೆ ಅಣೆಕಟ್ಟಿನ ಪೈಪ್‌ಲೈನಿನ ಕೆಲಸ ಬಂದಾಗಲೆಲ್ಲ ಕಾಮೋಠೆಯ ನಲ್ಲಿಯೂ ಒಣಗುತ್ತದೆ ಎಂಬುದನ್ನು ಸೊಸೈಟಿಯ ಮೀಟಿಂಗಿನಲ್ಲಿ ಯಾರೂ ಹೇಳುವುದಿಲ್ಲ, ಹೇಳುವುದು ಮೇಲಿನ ಫ್ಲ್ಯಾಟಿನ ಹುಡುಗರು ದಿನಕ್ಕೆರಡು ಸಲ ಸ್ನಾನ ಮಾಡುತ್ತಾರೆ ಎಂದು. ಮಾಲೀಕ ಸ್ವತಃ ವಾಸವಿಲ್ಲದ ಫ್ಲ್ಯಾಟಿಗೆ ಸೊಸೈಟಿ ಹೆಚ್ಚುವರಿ ಶುಲ್ಕ ಹಾಕುತ್ತದೆ. ಅದು ಸೇವಾ ಶುಲ್ಕದ ಶೇ. 10ನ್ನು ಮೀರಬಾರದು ಎಂದು ಸರ್ಕಾರ 2001ರಲ್ಲೇ ಆದೇಶಿಸಿದೆ. ಆ ಶುಲ್ಕವೂ ಸುತ್ತಿ ಬಳಸಿ ಹುಡುಗರ ಬಾಡಿಗೆಯಿಂದಲೇ ಹುಟ್ಟುವ ದುಡ್ಡು. ದುಡ್ಡು ಬೇಕು, ಮೀಟಿಂಗಿನಲ್ಲಿ ಕುರ್ಚಿ ಕೊಡಲಾಗದು. ಪಾಲಿಕೆಗೂ ಇವರು ಬೇಕಿಲ್ಲ, ಯಾಕೆಂದರೆ ಇವರ ಓಟು ಊರಿನಲ್ಲಿದೆ. ತೆರಿಗೆಯವರಿಗೋ ಇವರ ನೆನಪು ಚೆನ್ನಾಗಿತ್ತು. ಪಿಜಿ, ಹಾಸ್ಟೆಲುಗಳೆಂದರೆ ವಾಸದ ಮನೆಗಳಲ್ಲ, ಶೇ. 12 ಜಿಎಸ್‌ಟಿ ಕಟ್ಟಿ ಎಂದು ಬೆಂಗಳೂರಿನ ಮುಂಗಡ ತೀರ್ಪಿನ ಪ್ರಾಧಿಕಾರ 2023ರ ಜುಲೈನಲ್ಲಿ ಹೇಳಿತು. ಕೂಗೆದ್ದ ಮೇಲೆ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತಿಂಗಳಿಗೆ 20 ಸಾವಿರದ ಒಳಗಿನ, ಸತತ 90 ದಿನದ ವಾಸಕ್ಕೆ ವಿನಾಯಿತಿ ಕೊಟ್ಟಿತು. ನೋಡಿ, ವಿದ್ಯಾರ್ಥಿಯ ಸೂರನ್ನು ಹುಡುಕಿಕೊಂಡು ಹೋಗಲು ಸರ್ಕಾರಕ್ಕೆ ಬರುತ್ತದೆ. ತೆರಿಗೆ ಅಧಿಕಾರಿಗೆ ಕಂಡ ಬಾಗಿಲು ಇಂಜಿನಿಯರನಿಗೆ ಯಾಕೆ ಕಾಣುವುದಿಲ್ಲ?

ಈ ವ್ಯಾಪಾರದ ಗಣಿತ ಸರಳ. ಒಂದು ಬಿಎಚ್‌ಕೆಯನ್ನು ಸಂಸಾರಸ್ಥರಿಗೆ ಕೊಟ್ಟರೆ ಹದಿನೈದು ಸಾವಿರ ಬರುತ್ತದೆ ಅನ್ನಿ. ಅದೇ ಮನೆಯಲ್ಲಿ ಆರು ಹಾಸಿಗೆ ಹಾಕಿ ತಲೆಗೆ ಐದು ಸಾವಿರದಂತೆ ಎತ್ತಿದರೆ ಮೂವತ್ತು. ಹೆಚ್ಚು ದುಡಿಯುವ ಮನೆಗೆ ಹೆಚ್ಚು ರಿಪೇರಿ ಬೇಕು ತಾನೆ? ಇಲ್ಲ, ಅಲ್ಲಿಯೇ ಕಡಿಮೆ. ಸಂಸಾರಸ್ಥ ಜಗಳ ತೆಗೆಯುತ್ತಾನೆ, ಹತ್ತು ವರ್ಷ ಕೂರುತ್ತಾನೆ, ಸೊಸೈಟಿಯಲ್ಲಿ ಗುರುತಿನವರನ್ನು ಮಾಡಿಕೊಳ್ಳುತ್ತಾನೆ. ವಿದ್ಯಾರ್ಥಿಗೆ ಪರೀಕ್ಷೆ ಇದೆ, ಇಂಟರ್ನಲ್ಸ್ ಇದೆ, ಕೋರ್ಸು ಮುಗಿದರೆ ಹೋಗುವವನು. ಮಾಲೀಕ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕಾದರೆ ಸಾಕು, ದೂರು ಕೊಟ್ಟವನೇ ಪಾಸಾಗಿ ಊರು ಬಿಡುತ್ತಾನೆ. ಮುಂದಿನ ಜೂನ್‌ನಲ್ಲಿ ಹೊಸ ಹುಡುಗ, ಹೊಸ ಡಿಪಾಸಿಟ್, ಹೊಸ ಡಿಸ್ಟೆಂಪರು. ಮೂವತ್ತು ಮಿಲಿಆಂಪ್ ಸೋರಿಕೆಗೇ ಕರೆಂಟು ಕಡಿದು ಜೀವ ಉಳಿಸುವ ಸ್ವಿಚ್ಚಿಗೆ ಎರಡು ಮೂರು ಸಾವಿರ ರೂಪಾಯಿ ಬೀಳುತ್ತದೆ. ಅದನ್ನೂ ಹಾಕಿಸದೆ ಗೀಸರು ನೇತುಹಾಕುತ್ತಾರೆ. ಇನ್ನು ಕೆಲವರು ಕರೆಂಟಿನ ಗೀಸರಿನ ಬದಲು ಗ್ಯಾಸ್ ಗೀಸರು ಇಡುತ್ತಾರೆ, ಅದೂ ಕಿಟಕಿಯಿಲ್ಲದ ಬಚ್ಚಲಿನಲ್ಲಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವನು ಯಾಕೆ ಹೊರಗೆ ಬರಲಿಲ್ಲ ಎಂದು ಗೆಳೆಯರಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಸರ್ಕಾರ ಕೈಕಟ್ಟಿ ಕೂತಿಲ್ಲ, ಚಿಲ್ಲರೆ ಎಸೆಯುತ್ತಿದೆ. ವಸತಿನಿಲಯದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮಹಾರಾಷ್ಟ್ರ ತಂದ ಬಾಬಾಸಾಹೇಬ ಅಂಬೇಡ್ಕರ್ ಸ್ವಾಧಾರ್ ಯೋಜನೆಯಲ್ಲಿ ಮುಂಬಯಿ, ಠಾಣೆ, ನವಿ ಮುಂಬಯಿ, ಪುಣೆಯಂಥ ನಗರಗಳಿಗೆ ವರ್ಷಕ್ಕೆ ಒಟ್ಟು 60 ಸಾವಿರ ಇಟ್ಟರು. ಅದರಲ್ಲಿ ವಸತಿಯ ಪಾಲು 20 ಸಾವಿರ, ತಿಂಗಳಿಗೆ ಭಾಗಿಸಿದರೆ 1,666 ರೂಪಾಯಿ. ಕರ್ನಾಟಕದ ವಿದ್ಯಾಸಿರಿ ಶುರುವಾದಾಗ ಊಟ ವಸತಿ ಎರಡೂ ಸೇರಿ ತಿಂಗಳಿಗೆ 1,500. ಈ ದುಡ್ಡಿಗೆ ಕಾಮೋಠೆಯಲ್ಲಿ ಸಿಗುವುದು ಹಾಸಿಗೆಯ ಮೂರನೇ ಒಂದು ಭಾಗ. ಅದೇ ಕಾಮೋಠೆಯ ನೆರೆಯಲ್ಲಿ 2025ರ ಅಕ್ಟೋಬರ್ 8ರಂದು ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮೊದಲ ಹಂತಕ್ಕೇ 19,650 ಕೋಟಿ. ವಿಮಾನ ಬೇಡ ಅನ್ನುತ್ತಿಲ್ಲ. ಅಷ್ಟು ಕೋಟಿಗಳಲ್ಲಿ ರನ್‌ವೇ ಹಾಸಲು ಗೊತ್ತಿರುವ ನಾಡಿಗೆ ಒಂದು ಬಚ್ಚಲಿನ ಸೂರು ಹಾಸಲು ಬರುವುದಿಲ್ಲವೆಂದರೆ ಕೊರತೆ ದುಡ್ಡಿನದಲ್ಲ.

ಖಾಸಗಿಯವರು ಲೋಭಿಗಳು, ಸರ್ಕಾರಿ ಹಾಸ್ಟೆಲಾದರೂ ಕಾಯುತ್ತದೆ ಅನ್ನುವವರು ಕೊಪ್ಪಳಕ್ಕೆ ಹೋಗಿ ಬರಲಿ. 2019ರ ಆಗಸ್ಟ್ 18ರಂದು ಅಲ್ಲಿನ ಹಿಂದುಳಿದ ವರ್ಗಗಳ ಬಾಲಕರ ವಸತಿನಿಲಯದಲ್ಲಿ, ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಧ್ವಜಸ್ತಂಭವನ್ನು ಇಳಿಸುವಾಗ ಅದು ವಿದ್ಯುತ್ ತಂತಿಗೆ ತಗಲಿ ಐದು ಹುಡುಗರು ಸತ್ತರು. ಸರ್ಕಾರಿ ನಿಲಯ, ಕಟ್ಟಡ ಮಾತ್ರ ಬಾಡಿಗೆಯದು. ತಂತಿ ರಾತ್ರೋರಾತ್ರಿ ಬಂದು ನೇತುಬಿದ್ದದ್ದಲ್ಲ. ಆ ಕಟ್ಟಡದ ಮಹಡಿ ಹತ್ತಿದ ಪ್ರತಿಯೊಬ್ಬ ಅಧಿಕಾರಿಯ ಕಣ್ಣೆದುರಿಗೇ ಇತ್ತು. ಸ್ವಾತಂತ್ರ್ಯದ ಕಂಬವನ್ನು ಇಳಿಸಲು ಹೋಗಿ ಐದು ಬಡಮಕ್ಕಳು ಸತ್ತದ್ದಕ್ಕಿಂತ ಕ್ರೂರವಾದ ರೂಪಕವನ್ನು ಯಾವ ಬಂಡಾಯ ಕವಿಯೂ ಕಟ್ಟಲಾರ, ಕಟ್ಟುವುದೂ ಬೇಡ.

ಮುಂಬಯಿಯ ಚರ್ನಿ ರೋಡಿನಲ್ಲಿ ಸರ್ಕಾರವೇ ನಡೆಸುತ್ತಿದ್ದ ಸಾವಿತ್ರಿಬಾಯಿ ಫುಲೆ ಹೆಸರಿನ ಹುಡುಗಿಯರ ಹಾಸ್ಟೆಲಿನಲ್ಲಿ 2023ರ ಜೂನ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಕೋಣೆಯಲ್ಲೇ ಕೊಲೆಯಾದಳು. ಶಂಕೆ ಬಿದ್ದದ್ದು ಅಲ್ಲಿಯೇ ದುಡಿಯುತ್ತಿದ್ದ ಕಾವಲುಗಾರನ ಮೇಲೆ, ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಅಕ್ಷರದ ಬಾಗಿಲು ತೆರೆದವಳ ಹೆಸರನ್ನು ಗೋಡೆಗೆ ಬರೆಸಿದರೆ ಸಾಲದು, ಆ ಬಾಗಿಲಿನ ಚಿಲಕ ಗಟ್ಟಿ ಇದೆಯೇ ಎಂದು ನೋಡುವುದೂ ಆಡಳಿತದ ಕೆಲಸ. ಅದೇ ವರ್ಷದ ಜನವರಿಯಲ್ಲಿ ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಗಳ ರೆಸಿಡೆಂಟ್ ಡಾಕ್ಟರುಗಳು ಮುಷ್ಕರ ಹೂಡಿದ್ದರು. ಬೇಡಿಕೆಗಳ ಪಟ್ಟಿಯಲ್ಲಿ ಹಾಸ್ಟೆಲ್ ರಿಪೇರಿ ಇತ್ತು. ಭರವಸೆ ಸಿಕ್ಕಿತು, ಮುಷ್ಕರ ನಿಂತಿತು. 2024ರ ಫೆಬ್ರವರಿಯಲ್ಲಿ ಮತ್ತೆ ಮುಷ್ಕರ, ಮತ್ತೆ ಹಾಸ್ಟೆಲಿನ ಮಾತು. ರೋಗಿಯ ಎದೆಬಡಿತ ಕೇಳುವವರೇ ತಮ್ಮ ಸೂರಿಗಾಗಿ ಬೀದಿಗಿಳಿಯಬೇಕಾದರೆ ಪಿಯುಸಿ ಮುಗಿಸಿ ಬಂದ ಜತ್ತದ ಹುಡುಗನ ಮಾತು ಯಾರ ಕಿವಿಗೆ ಬೀಳೀತು?

ಹಾಗೆಂದು ಹಾಸ್ಟೆಲುಗಳಲ್ಲಿ ಯಾವ ರಿಪೇರಿಯೂ ಬೇಗ ಆಗುವುದಿಲ್ಲ ಎನ್ನುವಂತಿಲ್ಲ. ಒಂದು ರಿಪೇರಿ ಬಹಳ ಬೇಗ ಆಗುತ್ತದೆ. ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡ ಮೇಲೆ, 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನುಗಳನ್ನು ತೆಗೆಸಿ ಗೋಡೆಯ ಫ್ಯಾನು ಹಾಕಿಸಲು ಹೊರಟಿತು. 2023ರ ಆಗಸ್ಟ್‌ನಲ್ಲಿ ರಾಜಸ್ಥಾನದ ಕೋಟಾ ಜಿಲ್ಲಾಡಳಿತ ಎಲ್ಲ ಹಾಸ್ಟೆಲು, ಪಿಜಿಗಳ ಫ್ಯಾನಿಗೆ ಸ್ಪ್ರಿಂಗ್ ಕೂಡಿಸಿ ಎಂದು ಆಜ್ಞೆ ಹೊರಡಿಸಿತು. ಒಂದು ಜೀವವಾದರೂ ಅದರಿಂದ ಉಳಿದರೆ ಉಳಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಕೇಳುವುದು ಇಷ್ಟೇ: ತಿರುಗದ ಫ್ಯಾನನ್ನು ತಿರುಗಿಸಿ ಎಂದು ವಿದ್ಯಾರ್ಥಿ ಕೊಟ್ಟ ಅರ್ಜಿ ವಾರ್ಡನ್ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗುತ್ತದಲ್ಲ, ಅದಕ್ಕೆ ಈ ತುರ್ತು ಯಾಕಿಲ್ಲ? ಬದುಕಿರುವ ವಿದ್ಯಾರ್ಥಿ ತಲೆನೋವು, ಸತ್ತ ವಿದ್ಯಾರ್ಥಿ ಹೊಣೆ. ಹೊಣೆಗೆ ಮಾತ್ರ ಇವರು ಹೆದರುತ್ತಾರೆ.

ಒಂದು ಕೋಣೆ, ಒಂದು ಸೂರು ಎಂದರೆ ಏನು ಎಂಬುದನ್ನು ಬಾಬಾಸಾಹೇಬ ಅಂಬೇಡ್ಕರರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೊಲಂಬಿಯಾ, ಲಂಡನ್ ಎರಡನ್ನೂ ಕಂಡು ಬಡೋದೆಯ ಕೆಲಸಕ್ಕೆ ಸೇರಿದ ವಿದ್ವಾಂಸನಿಗೆ ಆ ಊರು ಒಂದು ಕೋಣೆ ಕೊಡಲಿಲ್ಲ. ಪಾರ್ಸಿ ಛತ್ರದಲ್ಲಿ ಜಾತಿ ಮರೆಸಿಕೊಂಡು ಉಳಿದರು, ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಆ ಮನುಷ್ಯ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ ಬೆನ್ನಿಗೇ ಮಾಡಿದ ಕೆಲಸಗಳಲ್ಲೊಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿ ನಿಲಯ. ಆ ದಶಕ ಮುಗಿಯುವಷ್ಟರಲ್ಲಿ ನಮ್ಮ ಧಾರವಾಡಕ್ಕೂ ಅಂಥ ನಿಲಯ ಬಂತು. ಅದಕ್ಕೂ ಮೊದಲು ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಕಟ್ಟಿದ ದಲಿತೋದ್ಧಾರದ ಮಿಷನ್ನಿನ ಹಿಂದೆಯೂ ಇದ್ದದ್ದು ಇದೇ ತಿಳಿವಳಿಕೆ: ತಲೆಯ ಮೇಲೆ ಸೂರಿಲ್ಲದೆ ಕೈಯಲ್ಲಿ ಪುಸ್ತಕ ನಿಲ್ಲುವುದಿಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಿದವರಿಗೆ ಬೆಂಗಳೂರಿನ ಹಾಸ್ಟೆಲು ಗೊತ್ತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಮೊದಲೇ ಅದರ ಸಿಟ್ಟು ಹುಟ್ಟಿದ್ದು ಇಂಥ ಹಾಸ್ಟೆಲುಗಳ ಅರೆಹೊಟ್ಟೆಯಲ್ಲಿ, ಒಂದೇ ಬಲ್ಬಿನ ಕೆಳಗೆ ಗುಂಪಾಗಿ ಓದುತ್ತಿದ್ದ ಹುಡುಗರ ನಡುವೆ. ಬಡವರ ಮಕ್ಕಳು ಒಟ್ಟಿಗಿದ್ದರೆ ಓದುತ್ತಾರೆ, ಓದಿದರೆ ಪ್ರಶ್ನೆ ಕೇಳುತ್ತಾರೆ. ಹಾಸ್ಟೆಲುಗಳು ಹಾಳಾಗುತ್ತಿರುವಾಗ ಆಳುವವರಿಗೆ ನಿದ್ದೆ ಚೆನ್ನಾಗಿ ಬರುವುದಕ್ಕೆ ಇದೂ ಒಂದು ಕಾರಣ.

ನಮ್ಮವರನ್ನು ಬಿಟ್ಟು ಬೈದರೆ ಅದು ಬಂಡಾಯವಲ್ಲ, ಗಲಾಟೆ. ಮುಂಬಯಿ ಕನ್ನಡಿಗರ ಹೆಮ್ಮೆ ರಾತ್ರಿ ಶಾಲೆಗಳು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಪಾಠ ಕೇಳಿ, ಅದೇ ಹೋಟೆಲಿನ ಮೇಜಿನ ಮೇಲೆ ಮಲಗಿದ ಕರಾವಳಿಯ ಹುಡುಗರಿಗಾಗಿ ಮೊಗವೀರ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದವರು ರಾತ್ರಿ ಹೈಸ್ಕೂಲು ನಡೆಸಿದರು. ಹಾಗೆ ಓದಿದವರು ಮುಂದೆ ಹೋಟೆಲಿನ ಧಣಿಗಳಾದರು, ವಕೀಲರಾದರು, ಸಂಘದ ಅಧ್ಯಕ್ಷರಾದರು. ಇಂದು ಠಾಣೆಯಿಂದ ಪನ್ವೇಲಿನವರೆಗೆ ನಮ್ಮ ಸಂಘಗಳಿಗೆ ವಾರ್ಷಿಕೋತ್ಸವವಿದೆ, ಯಕ್ಷಗಾನವಿದೆ, ಶಾಲು ಹಾರ ಹಣ್ಣಿನ ಬುಟ್ಟಿ ಇದೆ, ಎಸಿ ಸಭಾಗೃಹದ ಕನಸಿದೆ. ಸ್ಕಾಲರ್‌ಶಿಪ್ಪಿನ ಲಕೋಟೆಯನ್ನು ವೇದಿಕೆಯ ಮೇಲೆ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಲಕೋಟೆ ಹಿಡಿದ ಹುಡುಗಿ ರಾತ್ರಿ ಯಾವ ಸ್ಲ್ಯಾಬಿನ ಕೆಳಗೆ ಮಲಗುತ್ತಾಳೆ ಎಂದು ಕೇಳಿದವರು ಎಷ್ಟು ಮಂದಿ? ಇನ್ನೂ ಕಹಿಯಾದ ಮಾತಿದೆ. ಸೋರುವ ಫ್ಲ್ಯಾಟಿನ ಓನರುಗಳಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಮನೆ ತೋರಿಸುವಾಗ 'ನಮ್ಮ ಊರಿನ ಮಕ್ಕಳು' ಅನ್ನುತ್ತಾರೆ, 'ನೀವು ಯಾವ ಜನ?' ಎಂದು ಮೆಲ್ಲಗೆ ಕೇಳುತ್ತಾರೆ, ಉತ್ತರ ಹಿಡಿಸದಿದ್ದರೆ 'ಮನೆ ನಿನ್ನೆಯೇ ಹೋಯಿತು' ಅನ್ನುತ್ತಾರೆ. ಒಳ್ಳೆಯ ಕಟ್ಟಡ ಒಂದು ಜಾತಿಗೆ, ಸೋರುವ ಕಟ್ಟಡ ಇನ್ನೊಂದಕ್ಕೆ. ಬಡೋದೆಯ ಛತ್ರ ಇಲ್ಲಿಂದ ಬಹಳ ದೂರವಿಲ್ಲ.

ಹಾಗಾದರೆ ಏನು ಮಾಡಬೇಕು? ವಿನಂತಿ ಮಾಡಿ ಸಾಕಾಯಿತು, ಇನ್ನು ಕೇಳಬೇಕಾದ್ದನ್ನು ಕೇಳೋಣ. ಕಾಲೇಜುಗಳು ಅಡ್ಮಿಷನ್ ಮುಗಿಸಿ ಕೈ ತೊಳೆದುಕೊಳ್ಳಬಾರದು. ತಮ್ಮ ವಿದ್ಯಾರ್ಥಿಗಳು ಹೊರಗೆ ಎಲ್ಲಿ ವಾಸಿಸುತ್ತಾರೆ ಎಂಬ ಪಟ್ಟಿ ಇಟ್ಟು, ಸ್ವತಃ ನೋಡಿ ಸರಿಯೆನಿಸಿದ ಮನೆಗಳನ್ನಷ್ಟೇ ಹೊಸಬರಿಗೆ ತೋರಿಸಬೇಕು. ಮಹಾನಗರಪಾಲಿಕೆ ಮಳೆಗೆ ಮೊದಲು ವಿದ್ಯಾರ್ಥಿಗಳಿರುವ ಕಟ್ಟಡಗಳನ್ನು ಪರೀಕ್ಷಿಸಬೇಕು, ಆಡಿಟ್ ವರದಿಯ ಸಾರವನ್ನು ಲಿಫ್ಟಿನ ಪಕ್ಕದಲ್ಲಿ ಅಂಟಿಸಬೇಕು. 14ನೇ ಕಲಮಿನ ಹಕ್ಕನ್ನು ಲೀವ್ ಅಂಡ್ ಲೈಸೆನ್ಸಿನವರಿಗೂ ವಿಸ್ತರಿಸಬೇಕು. ಸಂಘಗಳು ಒಂದು ಸಭಾಗೃಹದ ದುಡ್ಡಿನಲ್ಲಿ ಒಂದು ವಿದ್ಯಾರ್ಥಿ ನಿಲಯ ಕಟ್ಟಲಿ. ಅಷ್ಟಾಗದಿದ್ದರೆ ಒಬ್ಬ ವಕೀಲರನ್ನೂ ಒಬ್ಬ ಇಂಜಿನಿಯರರನ್ನೂ ವಾರಕ್ಕೊಂದು ಸಂಜೆ ಈ ಮಕ್ಕಳಿಗಾಗಿ ಕೂರಿಸಲಿ.

ಇನ್ನು ಆ ನಾಲ್ಕನೇ ಮಹಡಿಯ ಹುಡುಗರಿಗೆ ಹೇಳಿದ್ದನ್ನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಅದೇ ಬಾಡಿಗೆ ಕಾಯ್ದೆಯಲ್ಲಿ 55ನೇ ಕಲಮು ಎಂಬುದೊಂದಿದೆ. ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ನೋಂದಾಯಿಸುವ ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿಯಾಗದ ಪಕ್ಷದಲ್ಲಿ ಷರತ್ತುಗಳ ವಿಷಯಕ್ಕೆ ವ್ಯಾಜ್ಯ ಬಂದರೆ ಒಳಗಿರುವವರು ಹೇಳಿದ್ದೇ ಸರಿ, ಸುಳ್ಳೆಂದು ಮಾಲೀಕನೇ ರುಜುವಾತು ಮಾಡಬೇಕು. ಆದ್ದರಿಂದ ಮೊದಲು ಕಾಪಿ ಕೇಳಿ. ವಾಟ್ಸಾಪಿನಲ್ಲಿ ಗೋಗರೆಯಬೇಡಿ. ಫೋಟೋ, ತಾರೀಖು, ಆರೂ ಜನರ ಸಹಿ ಇಟ್ಟು ಕಾಗದದಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಒಂದು ಪ್ರತಿ ಸೊಸೈಟಿಗೆ, ಒಂದು ಪಾಲಿಕೆಯ ವಾರ್ಡ್ ಆಫೀಸಿಗೆ, ಒಂದು ಕಾಲೇಜಿಗೆ. ಒಬ್ಬೊಬ್ಬರಾಗಿ ಕೇಳಿದರೆ ಹೊರಹಾಕುತ್ತಾರೆ, ನಿಜ. ಆದರೆ ನಿಮ್ಮ ಬಲ ಎಲ್ಲಿದೆ ಎಂದು ಅವರಿಗಿಂತ ಮೊದಲು ನೀವು ತಿಳಿಯಿರಿ. ಅಡ್ಮಿಷನ್ ಮುಗಿದ ಮೇಲೆ ನವೆಂಬರಿನಲ್ಲಿ ಖಾಲಿಯಾದ ಆರು ಹಾಸಿಗೆಗೆ ಮುಂದಿನ ಜೂನಿನವರೆಗೆ ಗಿರಾಕಿಯಿಲ್ಲ. ಮಾಲೀಕನ ಲೆಕ್ಕದಲ್ಲಿ ಅದು ಬಚ್ಚಲಿನ ರಿಪೇರಿಗಿಂತ ಎಷ್ಟೋ ದುಬಾರಿ. 'ಮೇಸ್ತ್ರಿ ಬಾರದಿದ್ದರೆ ಬಾಡಿಗೆಯೂ ಬಾರದು' ಎಂದು ಒಂದು ಬಿಲ್ಡಿಂಗಿನ ಮಕ್ಕಳೆಲ್ಲ ಸೇರಿ ಒಂದೇ ಕಾಗದದ ಮೇಲೆ ಬರೆದು ನೋಡಲಿ. ಮಾರನೆಯ ದಿನ ಕಾಮೋಠೆಯಲ್ಲಿ ಮೇಸ್ತ್ರಿಗಳು ಸಾಲದೆ ಹೋಗುತ್ತಾರೆ.